ಪೆನ್‌ಡ್ರೈವ್ ಕೊಟ್ಟರು, ಓದುವುದೆಲ್ಲಿ?

2015ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಮೇರಿಯನ್ ಜೈಲಿನ ಚಾವಣಿಯಲ್ಲಿ ಬಚ್ಚಿಟ್ಟಿದ್ದ ಎರಡು ಕಂಪ್ಯೂಟರ್‌ಗಳು ಪತ್ತೆಯಾದವು. ಹಳೆಯ ಯಂತ್ರಗಳನ್ನು ಬಿಚ್ಚುವ ಕೆಲಸಕ್ಕೆ ಹಚ್ಚಿದ್ದ ಕೈದಿಗಳು ಬಿಡಿಭಾಗ ಜೋಡಿಸಿ, ಜೈಲಿನ ನೆಟ್‌ವರ್ಕಿಗೇ ತಂತಿ ಎಳೆದಿದ್ದರು. ಆ ಕಂಪ್ಯೂಟರ್‌ಗಳಿಂದ ಇನ್ನೊಬ್ಬನ ಹೆಸರಿನಲ್ಲಿ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ್ದು ಅಪರಾಧವೇ. ನಮ್ಮ ಜೈಲುಗಳಲ್ಲಿರುವ ವಿಚಾರಣಾಧೀನ ಕೈದಿಗೆ ಮಾತ್ರ ಈಗ ಕಾನೂನೇ ಕಂಪ್ಯೂಟರಿನ ಅಗತ್ಯ ತಂದೊಡ್ಡಿದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಂ ಪ್ರಕಾರ, ಆರೋಪಿಯನ್ನು ಹಾಜರುಪಡಿಸಿದ 14 ದಿನಗಳೊಳಗೆ ಆರೋಪಪಟ್ಟಿ ಮತ್ತು ಹೇಳಿಕೆಗಳ ಪ್ರತಿಯನ್ನು ಉಚಿತವಾಗಿ ಕೊಡಬೇಕು. ವಿದ್ಯುನ್ಮಾನ ರೂಪದಲ್ಲಿ ಕೊಟ್ಟರೂ ಕೊಟ್ಟಂತೆಯೇ ಲೆಕ್ಕ. ಹೊರಗಿರುವವನು ಪೆನ್‌ಡ್ರೈವನ್ನು ಯಾವುದಾದರೂ ಸೈಬರ್ ಸೆಂಟರಿನಲ್ಲಿ ತೆರೆದು ನೋಡಬಹುದು. ಒಳಗಿರುವವನು ಏನು ಮಾಡಬೇಕು? ವಕೀಲರು ನೋಡಿದರೆ ಸಾಲದೇ ಎನ್ನಬೇಡಿ. ಸಿಸಿಟಿವಿ ದೃಶ್ಯದಲ್ಲಿರುವವನು ತಾನಲ್ಲ, ಆ ಹೊತ್ತಿಗೆ ತಾನು ಬೇರೆಡೆ ಇದ್ದೆ ಎಂದು ಹೇಳಬಲ್ಲವನು ಆರೋಪಿ ಮಾತ್ರ.

ಪೆನ್‌ಡ್ರೈವ್ ತೆರೆದು ನೋಡಲು ಜೈಲು ಸಿಬ್ಬಂದಿಯ ಬಳಿ ಅಂಗಲಾಚಬೇಕಿಲ್ಲ. ವಿಚಾರಣೆ ನಡೆಸುತ್ತಿರುವ ನ್ಯಾಯಾಲಯಕ್ಕೇ ವಕೀಲರ ಮೂಲಕ ಅರ್ಜಿ ಹಾಕಿ. ಇಂಟರ್‌ನೆಟ್ ಇಲ್ಲದ ಜೈಲಿನ ಕಂಪ್ಯೂಟರಿನಲ್ಲಿ, ನಿಗದಿತ ಸಮಯ ಕುಳಿತು ಓದಲು ಅನುಮತಿ ಕೇಳಿ. ಮುಖ್ಯ ದಾಖಲೆಗಳನ್ನು ಕಾಗದದಲ್ಲೂ ಕೋರಿ. ಇಂಟರ್‌ನೆಟ್ ಬೇಡವೆಂದು ಅರ್ಜಿಯಲ್ಲೇ ಬರೆದರೆ ಭದ್ರತೆಯ ಆಕ್ಷೇಪಕ್ಕೆ ಬಲ ಕಡಿಮೆ. ಕೈದಿಗೆ ಲ್ಯಾಪ್‌ಟಾಪ್ ಕೊಡಲೇಬೇಕೆನ್ನುವ ಕಲಂ ಇಲ್ಲ. ಅರ್ಜಿಯ ಆಧಾರ ಸಂವಿಧಾನದ 21ನೇ ವಿಧಿ, ಅಂದರೆ ನ್ಯಾಯಯುತ ವಿಚಾರಣೆಯ ಹಕ್ಕು. ಮೆಮೊರಿ ಕಾರ್ಡಿನಲ್ಲಿರುವುದೂ ದಾಖಲೆಯೇ, ಸಾಮಾನ್ಯವಾಗಿ ಆರೋಪಿಗೆ ಅದರ ಪ್ರತಿ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಪಿ. ಗೋಪಾಲಕೃಷ್ಣನ್ ಪ್ರಕರಣದಲ್ಲಿ ಹೇಳಿದೆ. ಸಂತ್ರಸ್ತೆಯ ಖಾಸಗಿತನಕ್ಕೆ ಧಕ್ಕೆಯಾಗುವಲ್ಲಿ ನ್ಯಾಯಾಲಯ ಪ್ರತಿ ಕೊಡದೆ, ನೋಡಲಷ್ಟೇ ಅವಕಾಶ ಕೊಡಬಹುದು.

ಜೈಲಿನಲ್ಲಿದ್ದವರ ಬುದ್ಧಿಗೆ ಬೀಗ ಹಾಕಲು ಸರ್ಕಾರ ಹೊರಟಾಗ ನ್ಯಾಯಾಲಯ ತಡೆದದ್ದೂ ಉಂಟು. ಮುಂಬೈ ಜೈಲಿನಲ್ಲಿ ಬಂಧನದಲ್ಲಿದ್ದ ಪ್ರಭಾಕರ ಪಾಂಡುರಂಗ ಸಂಜಗಿರಿ ಪರಮಾಣುವಿನ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬರೆದರು. ಅದನ್ನು ಪ್ರಕಟಣೆಗೆ ಹೊರಗೆ ಕಳಿಸಲು ಸರ್ಕಾರ ಒಪ್ಪಲಿಲ್ಲ. ನಿಯಮ ನಿಷೇಧಿಸದ ಸ್ವಾತಂತ್ರ್ಯವನ್ನು ಹೀಗೆ ಕಿತ್ತುಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ ಅವರ ಪರ ನಿಂತಿತು.

ಜೈಲು ಕಚೇರಿಯ ಕಂಪ್ಯೂಟರಿನ ಮೇಲೂ ಕೈದಿಗೆ ಒಂದು ಹಕ್ಕುಂಟು. 2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನದಂತೆ, ಜಾಮೀನು ಆದೇಶ ಅದೇ ದಿನ ಅಥವಾ ಮರುದಿನ ಇಮೇಲಿನಲ್ಲಿ ಜೈಲಿಗೆ ಬರಬೇಕು. 7 ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಶ್ಯೂರಿಟಿ ಸಿಗದೆ ತಿಂಗಳು ಕಳೆದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. ಮನೆಯವರು ಈ ಗಡುವುಗಳನ್ನು ಬರೆದಿಟ್ಟುಕೊಳ್ಳಲಿ. ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಾಗಬೇಡಿ: ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.