ವೈಂಡಿಂಗ್ ಶೆಡ್ಡಿಗೆ ಬೆಳಕು ಕೂಡಿಸಿದ್ದು

ಮೋಟರು ಸುಡುವುದಕ್ಕೂ ಒಂದು ಹಂಗಾಮು ಇರುತ್ತದೆ. ಬೇಸಿಗೆಯಲ್ಲಿ ಬೋರಿನ ನೀರು ಕೆಳಗಿಳಿದು, ಅದರ ಜೊತೆಗೆ ವೋಲ್ಟೇಜೂ ಕೆಳಗಿಳಿದಾಗ, ಮುರಗೋಡದ ಸುತ್ತಲಿನ ಹೊಲಗಳಿಂದ ಸುಟ್ಟ ಮೋಟರುಗಳು ಟ್ರೇಲರಿನಲ್ಲಿ, ಬೈಕಿನ ಹಿಂದಿನ ಸೀಟಿನಲ್ಲಿ ಬಂದು ನಮ್ಮ ಮನೆಯ ಮುಂದೆ ಇಳಿಯುತ್ತವೆ. ಕಬ್ಬು ಬಾಡುತ್ತಿರುವ ರೈತನಿಗೆ ಅದು ನಾಳೆ ಮುಂಜಾನೆಗೇ ಬೇಕು. ಹೀಗಾಗಿ ಸುಟ್ಟ ತಂತಿ ತೆಗೆದು ಹೊಸದನ್ನು ಸುತ್ತುವ ವೈಂಡಿಂಗ್ ಎಂಬುದು ಅರ್ಧಕ್ಕರ್ಧ ರಾತ್ರಿಯ ಉದ್ಯೋಗ. ಟ್ರ್ಯಾಕ್ಟರ್ ನಿಲ್ಲಿಸಲು ಕಟ್ಟಿದ್ದ ಪತ್ರಾಸಿನ ಶೆಡ್ಡನ್ನು ಕೆಲಸದ ಜಾಗ ಮಾಡುವುದೆಂದು ಗಟ್ಟಿಯಾದಾಗ ನಾನು ಎಲ್ಲಕ್ಕಿಂತ ಮೊದಲು ಕುಳಿತದ್ದು ಬೆಳಕಿನ ಲೆಕ್ಕಕ್ಕೆ.

ಶೆಡ್ಡಿನ ಅಗಲ 12 ಅಡಿ, ಉದ್ದ 20 ಅಡಿ. ಇಂಥ ಶೆಡ್ಡಿಗೆ ನಮ್ಮ ಕಡೆ ಎಲ್ಲರೂ ಮಾಡುವುದು ಒಂದೇ: ನಟ್ಟನಡುವಿನ ಆಂಗಲ್‌ಗೆ ಒಂದು ದೊಡ್ಡ ಬಲ್ಬು ಬಿಗಿದು ಕೈ ತೊಳೆದುಕೊಳ್ಳುವುದು. ವೈಂಡಿಂಗ್ ಶೆಡ್ಡಿನಲ್ಲಿ ಆ ನಡುವಿನ ಜಾಗ ಬೆಳಕಿನದ್ದಲ್ಲ, ಚೈನ್ ಪುಲ್ಲಿಯದ್ದು. ಪಂಪಿನ ಸಮೇತ ಬಂದ ಮೋಟರನ್ನು ಎತ್ತಿ ಇಳಿಸುವಾಗ ಸರಪಳಿ ಎತ್ತ ಬೇಕಾದರತ್ತ ತೂಗುತ್ತದೆ. ಇನ್ನು ಗೋಡೆಗೆ ಹಚ್ಚಿ ಬೆಂಚು ಹಾಕಿಕೊಂಡವನಿಗೆ ನಡುವಿನ ದೀಪ ಬೆನ್ನ ಹಿಂದೆ ಬರುತ್ತದೆ. ತಲೆ ಬಗ್ಗಿಸಿದ ಕೂಡಲೇ ತನ್ನ ನೆರಳು ತನ್ನ ಕೈಯ ಮೇಲೇ ಬೀಳುತ್ತದೆ.

ನಮ್ಮ ಓಣಿಯ ಹಳೆಯ ನೇಕಾರರ ಮನೆಯೊಂದರಲ್ಲಿ ಇದಕ್ಕೆ ಎಂದೋ ಉತ್ತರ ಸಿಕ್ಕಿತ್ತು. ಮಣ್ಣಿನ ಮಾಳಿಗೆ, ಕೆಳಗೆ ಕುಣಿಮಗ್ಗ. ಮಾಳಿಗೆಯ ಬೆಳಕಿಂಡಿ ನೇಕಾರನ ತಲೆಯ ಮೇಲೂ ಇಲ್ಲ, ಬೆನ್ನ ಹಿಂದೆಯೂ ಇಲ್ಲ. ಲಾಳಿ ಓಡಾಡುವ ಜಾಗಕ್ಕಿಂತ ತುಸು ಮುಂದೆ ಇದೆ. ಎಳೆ ಹರಿದರೆ ಕಣ್ಣಿಗೆ ಬೀಳಬೇಕಲ್ಲ. ನಾನು ಅದನ್ನೇ ಹಿಡಿದೆ. ಯಾವುದನ್ನೂ ಬಿಗಿಯುವ ಮೊದಲು ಒಂದು ನಾಲ್ಕಡಿ ಟ್ಯೂಬನ್ನು ಹಗ್ಗಕ್ಕೆ ಕಟ್ಟಿ, ಕತ್ತಲಾದ ಮೇಲೆ ಅಲ್ಲಲ್ಲಿ ಇಳಿಬಿಟ್ಟು ನೋಡುತ್ತ ಹೋದೆ. ಬೆಂಚಿನ ಮೇಲೆ ಒಂದು ಪೆನ್ಸಿಲ್ ನೆಟ್ಟಗೆ ನಿಲ್ಲಿಸಿ ಅದರ ನೆರಳು ನೋಡುವುದು, ಅಷ್ಟೇ ಪರೀಕ್ಷೆ. ನೆರಳು ಕಪ್ಪಗೆ ನನ್ನ ಮುಂದಕ್ಕೆ ಚಾಚಿದರೆ ಆ ಜಾಗ ಬೇಡ. ಟ್ಯೂಬು ಬೆಂಚಿಗೆ ಸಮಾನಾಂತರವಾಗಿ, ಗೋಡೆಯಿಂದ ಸುಮಾರು ಎರಡಡಿಯಲ್ಲಿ, ಅಂದರೆ ಬೆಂಚಿನ ಮುಂಗಟ್ಟಿನ ನೇರಕ್ಕೆ ಬಂದಾಗ ನೆರಳು ಮಸುಕಾಗಿ ಪೆನ್ಸಿಲಿನ ಬುಡದಲ್ಲೇ ಕೂತಿತು. ಅಲ್ಲಿಗೆ ಮೊದಲ ಸಾಲಿನ ಜಾಗ ಗೊತ್ತಾಯಿತು. ಎರಡನೆಯ ಸಾಲು ಎದುರಿನ ಗೋಡೆಯ ಕಡೆಗೆ, ಟೆಸ್ಟಿಂಗ್ ಪ್ಯಾನೆಲ್ಲಿನ ಮುಂದೆ. ನಡುವೆ ಸರಪಳಿಗೆ ಹಾದಿ.

ಎಷ್ಟು ಟ್ಯೂಬು ಬೇಕು ಎನ್ನುವುದಕ್ಕೆ ಶಾಲೆಯ ಗಣಿತ ಸಾಕು. ಒಂದು ಚದರ ಮೀಟರಿಗೆ ಒಂದು ಲುಮೆನ್ ಬಿದ್ದರೆ ಅದು ಒಂದು ಲಕ್ಸ್. ಬಡಗಿಯ ಬೆಂಚಿಗೆ 300 ಲಕ್ಸ್, ಮರ ಕೊಯ್ಯುವ ಯಂತ್ರಕ್ಕೆ 500 ಲಕ್ಸ್ ಎಂದು ಯುರೋಪಿನ ಮಾನದಂಡ ಹೇಳುತ್ತದೆ. ನನ್ನದೂ ಬೆಂಚಿನ ಕೆಲಸವೇ ಎಂದು ನಾನು 300 ಹಿಡಿದೆ. 240 ಚದರಡಿ ಎಂದರೆ 22 ಚದರ ಮೀಟರಿಗೆ ತುಸು ಹೆಚ್ಚು; ಕೆಲಸದ ಮಟ್ಟಕ್ಕೆ ಸುಮಾರು 6,700 ಲುಮೆನ್ ಮುಟ್ಟಬೇಕು. ಟ್ಯೂಬಿನಿಂದ ಹೊರಟದ್ದೆಲ್ಲ ಅಲ್ಲಿಗೆ ಮುಟ್ಟುವುದಿಲ್ಲ, ಗೋಡೆ ನುಂಗುತ್ತದೆ, ಧೂಳು ನುಂಗುತ್ತದೆ. ಹೊಗೆ ಹಿಡಿದ ತಗಡಿನ ಗೋಡೆಯಾದರೆ ಮೂರರಲ್ಲಿ ಒಂದು ಪಾಲು ಮುಟ್ಟಿದರೆ ದೊಡ್ಡದು; ಬೆಳ್ಳಗೆ ಬಳಿದ ಗೋಡೆ, ಬೆಳ್ಳಗಿನ ಸೂರಾದರೆ ಅರ್ಧ ಮುಟ್ಟುತ್ತದೆ. 20 ವ್ಯಾಟಿನ ಎಲ್‌ಇಡಿ ಟ್ಯೂಬು ಸುಮಾರು 2,000 ಲುಮೆನ್ ಕೊಡುತ್ತದೆ ಎಂದಿಟ್ಟುಕೊಂಡರೆ ಮಸಿ ಗೋಡೆಗೆ ಹತ್ತು ಟ್ಯೂಬು, ಬಿಳಿ ಗೋಡೆಗೆ ಏಳು. ಮೂರು ಟ್ಯೂಬಿನ ದುಡ್ಡನ್ನೂ ಅವು ವರ್ಷಗಟ್ಟಲೆ ಉಣ್ಣುವ ಕರೆಂಟನ್ನೂ ಉಳಿಸುವುದು ಸುಣ್ಣದ ಡಬ್ಬಿ ಎಂದರೆ ಅಂಗಡಿಯವರು ನಗುತ್ತಾರೆ. ನಗಲಿ. ಏಳೇ ಹಾಕಿಸಿದೆ: ಬೆಂಚಿನ ಮೇಲೆ ನಾಲ್ಕು, ಆ ಕಡೆ ಮೂರು.

ಆದರೆ ಸ್ಟೇಟರಿನ ಒಳಗನ್ನು ಮೇಲಿನ ಯಾವ ಬೆಳಕೂ ತೋರಿಸಲಾರದು. ಬೋರಿನ ಮೋಟರಿನ ಸ್ಟೇಟರ್ ಒಂದು ಉದ್ದನೆಯ ಕಬ್ಬಿಣದ ಕೊಳವೆ. ಒಳಗೋಡೆಯ ತುಂಬ ಸ್ಲಾಟುಗಳು. ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಒಂದು ಬಾಯಿಂದ ತೂರಿಸಿ ಇನ್ನೊಂದು ಬಾಯಿಂದ ಎಳೆದು, ಸುತ್ತಿಗೆ ಸುತ್ತು ಕೂಡಿಸುತ್ತ ಹೋಗಬೇಕು. ಹೊದಿಕೆಗೆ ಕೂದಲೆಳೆಯಷ್ಟು ಗೀರು ಬಿದ್ದರೂ ನೀರಿನಲ್ಲಿ ಮುಳುಗಿದ ಮೇಲೆ ಅದು ಗೊತ್ತಾಗುತ್ತದೆ. ಆಗ ಮೋಟರು ನೂರಾರು ಅಡಿ ಕೆಳಗಿರುತ್ತದೆ. ನಾನು ಈಗ ಸ್ಟೇಟರನ್ನು ಅಡ್ಡ ಮಲಗಿಸಿ, ಅದರ ಆಚೆಯ ಬಾಯಿಗೆ ಒಂದು ಬಿಳಿ ಹಾಳೆ ನಿಲ್ಲಿಸಿ, ಹಾಳೆಯ ಮೇಲೆ ಸಣ್ಣ ದೀಪ ಬಿಡುತ್ತೇನೆ. ಈಚೆಯಿಂದ ಕಣ್ಣಿಟ್ಟರೆ ಸ್ಲಾಟುಗಳ ಅಂಚು ಒಂದೊಂದಾಗಿ ಗೆರೆ ಕೊರೆದ ಹಾಗೆ ಕಾಣುತ್ತದೆ. ದೀಪವನ್ನೇ ನೇರ ಇಟ್ಟರೆ ಕಣ್ಣು ಕೋರೈಸಿ ಏನೂ ಕಾಣುವುದಿಲ್ಲ. ಹಾಳೆಗೆ ಬಡಿದು ಬಂದ ಬೆಳಕೇ ಬೇಕು.

ಬೆಳಕಿನ ಬಣ್ಣದ ವಿಷಯದಲ್ಲಿ ನಾನು ಜಿಪುಣತನ ಮಾಡುವುದಿಲ್ಲ. ಸುಟ್ಟ ವೈಂಡಿಂಗ್ ತನ್ನ ಕಥೆಯನ್ನು ಬಣ್ಣದಲ್ಲೇ ಹೇಳುತ್ತದೆ. ಮೂರು ಫೇಸೂ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡು. ಸ್ಟಾರ್ ಕನೆಕ್ಷನ್ನಿನಲ್ಲಿ ಎರಡು ಫೇಸು ಸುಟ್ಟು ಒಂದು ಹೊಸದರ ಹಾಗಿದ್ದರೆ, ಇಲ್ಲವೇ ಡೆಲ್ಟಾದಲ್ಲಿ ಒಂದೇ ಫೇಸು ಸುಟ್ಟಿದ್ದರೆ, ಓಡುತ್ತಿರುವಾಗ ಒಂದು ಫೇಸು ಹೋಗಿದೆ ಎಂದು ಅರ್ಥ. ರೈತನಿಗೆ ಏನು ಹೇಳಿ ಕಳಿಸಬೇಕು ಎನ್ನುವುದು ಇದರ ಮೇಲೆ ನಿಂತಿದೆ. ನೀಲಿ ಮುಸುಕಿದ ಅಗ್ಗದ ಟ್ಯೂಬಿನ ಕೆಳಗೆ ಜೇನಿನ ಬಣ್ಣಕ್ಕೂ ಸುಟ್ಟ ಕಂದಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. 4,000 ಕೆಲ್ವಿನ್, ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂದು ಹೇಳುವ ಸಿಆರ್‌ಐ 80ಕ್ಕೆ ಕಡಿಮೆ ಇಲ್ಲದ್ದು ಎಂದು ಡಬ್ಬಿಯ ಮೇಲೆ ಓದಿಯೇ ಕೊಳ್ಳುತ್ತೇನೆ.

ಇನ್ನು ಮಿಟುಕು. ನಮ್ಮ ಕರೆಂಟು 50 ಹರ್ಟ್ಸಿನದು. ಹಳೆಯ ಚೋಕ್ ಟ್ಯೂಬು, ಅದೇ ರೀತಿ ಕಳಪೆ ಡ್ರೈವರಿನ ಎಲ್‌ಇಡಿ, ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ, ತಿರುಗುವ ಪುಲ್ಲಿಯಲ್ಲಿ ಕಾಣುತ್ತದೆ. ನಾಲ್ಕು ಪೋಲಿನ ಮೋಟರಿನ ಪುಲ್ಲಿಯ ಮೇಲೆ ಖಡುವಿನಿಂದ ಸಮ ಅಂತರದ ನಾಲ್ಕು ಗೆರೆ ಎಳೆದು ಅಂಥ ದೀಪದ ಕೆಳಗೆ ಚಾಲೂ ಮಾಡಿ ನೋಡಿ. ಲೋಡಿಲ್ಲದೆ ಓಡುವಾಗ ವೇಗ ನಿಮಿಷಕ್ಕೆ 1500 ಸುತ್ತಿನ ಹತ್ತಿರ. ಒಂದು ಮಿಟುಕಿನಿಂದ ಇನ್ನೊಂದಕ್ಕೆ ಪುಲ್ಲಿ ಹೆಚ್ಚುಕಡಿಮೆ ಕಾಲು ಸುತ್ತು ಹೋಗಿರುತ್ತದೆ, ಗೆರೆಗಳು ನಿಂತೇ ಬಿಟ್ಟಂತೆ ತೋರುತ್ತವೆ. ಲೋಡು ಕೊಟ್ಟು 1440ಕ್ಕೆ ಇಳಿದಾಗ ಅವೇ ಗೆರೆಗಳು ಸೆಕೆಂಡಿಗೆ ಒಂದು ಸುತ್ತಿನಂತೆ ಹಿಂದಕ್ಕೆ ತಿರುಗುತ್ತವೆ! ಕಾಲೇಜಿನ ಹುಡುಗರಿಗೆ ಇದನ್ನು ತೋರಿಸಿದರೆ ಖುಷಿಪಡುತ್ತಾರೆ. ನನಗೆ ಹೆದರಿಕೆ. ನಿಂತಂತೆ ಕಾಣುವ ಪುಲ್ಲಿಗೆ ಅರೆನಿದ್ದೆಯಲ್ಲಿ ಕೈ ಹಾಕುವುದು ಎಷ್ಟು ಹೊತ್ತಿನ ಮಾತು? ಅಂಗಡಿಯಲ್ಲೇ ಟ್ಯೂಬು ಹಚ್ಚಿಸಿ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ, ಮಿಟುಕುವುದು ಪಟ್ಟನೆ ಸಿಕ್ಕಿಬೀಳುತ್ತದೆ. ಸೀಲಿಂಗ್ ಫ್ಯಾನಿನ ರೆಕ್ಕೆಗಿಂತ ಮೇಲೆ ದೀಪ ಕೂಡಿಸಬಾರದು ಎನ್ನುವುದೂ ಇದೇ ಜಾತಿಯ ಮಾತು. ರೆಕ್ಕೆ ಬೆಳಕನ್ನು ಕೊಚ್ಚುತ್ತದೆ.

ಟೆಸ್ಟಿಂಗಿಗೆಂದು ಮೂರು ಫೇಸು ಹೇಗೂ ಇದ್ದುದರಿಂದ ಅಕ್ಕಪಕ್ಕದ ಟ್ಯೂಬುಗಳನ್ನು ಬೇರೆ ಬೇರೆ ಫೇಸಿಗೆ ಹಂಚಿಸಿದೆ. ಒಂದು ಮಂಕಾದಾಗ ಇನ್ನೊಂದು ಬೆಳಗಿರುತ್ತದೆ, ಮಿಟುಕು ತಂತಾನೇ ತಗ್ಗುತ್ತದೆ. ಇನ್ನೊಂದು ಲಾಭವೂ ಬಂತು: ಫೇಸು ಹೋದರೆ ಆ ಫೇಸಿನ ಟ್ಯೂಬುಗಳು ಆರುತ್ತವೆ, ತಲೆ ಎತ್ತಿದರೆ ಸಾಕು. ಓಡುವ ಮೋಟರು ಹೋದ ಫೇಸಿಗೂ ಒಂದಿಷ್ಟು ವೋಲ್ಟೇಜು ತಾನೇ ಹುಟ್ಟಿಸಿ ಕೊಡುತ್ತದೆ, ಆಗ ಟ್ಯೂಬು ಆರದೆಯೂ ಇರಬಹುದು. ಆದ್ದರಿಂದ ಇದನ್ನು, ಫೇಸು ಹೋದಾಗ ಮೋಟರು ನಿಲ್ಲಿಸುವ ಪ್ರಿವೆಂಟರಿನ ಬದಲು ಎಂದು ತಿಳಿಯಬಾರದು. ಎರಡು ಫೇಸಿನ ನಡುವೆ 415 ವೋಲ್ಟು ಇರುತ್ತದೆ. ಹೀಗೆ ಹಂಚುವ ಕೆಲಸ ಲೈಸೆನ್ಸಿನ ವೈರ್‌ಮನ್‌ನದೇ. ಬೆಳಕಿನ ಎಂಸಿಬಿಯೇ ಬೇರೆ, ಮೋಟರಿನದೇ ಬೇರೆ ಇರಬೇಕು. ನೇರ ಚಾಲೂ ಮಾಡುವಾಗ ಮೋಟರು ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಎಂಸಿಬಿ ಬಿತ್ತೆಂದು ಕತ್ತಲಲ್ಲಿ ತಿರುಗುವ ಯಂತ್ರದ ಮುಂದೆ ನಿಲ್ಲುವ ಹಾಗಾಗಬಾರದು. ಬಾಗಿಲ ಹತ್ತಿರದ ಒಂದು ಟ್ಯೂಬು ಇನ್ವರ್ಟರಿನ ಮೇಲಿದೆ.

ಹಗಲಿಗೆ ಸೂರಿನ ಉತ್ತರದ ಇಳಿಜಾರಿನಲ್ಲಿ ಎರಡು ಪಾರದರ್ಶಕ ಹಾಳೆ ಸಾಕಾಯಿತು. ಮೇ ಮೊದಲ ವಾರದಲ್ಲಿ ನಮ್ಮ ಸೀಮೆಗೆ ಸೂರ್ಯ ನಟ್ಟ ನಡುನೆತ್ತಿಗೆ ಬರುತ್ತಾನೆ. ಹೆಚ್ಚು ಹಾಳೆ ಹಾಕಿದರೆ ಬೆಳಕಿನ ಜೊತೆ ಬೆಂಕಿಯೂ ಇಳಿಯುತ್ತದೆ.

ಬಗೆಹರಿಯದೆ ಉಳಿದದ್ದು ವಾರ್ನಿಶ್ ಕೆಲಸ. ಮುಂಗಾರಿನ ಮೊದಲ ಮಳೆಯ ಸಂಜೆ ರೆಕ್ಕೆಯ ಹುಳುಗಳು ಏಳೂ ಟ್ಯೂಬಿಗೆ ಮುತ್ತಿ, ಹಸಿ ವಾರ್ನಿಶ್ಶಿನ ಕಾಯಿಲುಗಳ ಮೇಲೆ ಉದುರುತ್ತವೆ. ಹೊರಗೆ ಅಂಗಳದ ಕಂಬಕ್ಕೆ ಒಂದು ಪ್ರಖರ ದೀಪ ಹಚ್ಚಿ ಅತ್ತ ಸೆಳೆದು ನೋಡಿದ್ದೇನೆ, ಅರ್ಧ ಅತ್ತ ಹೋಗುತ್ತವೆ, ಅರ್ಧ ಇಲ್ಲೇ ಇರುತ್ತವೆ. ಜೂನ್‌ನಲ್ಲಿ ಮೋಟರು ತಂದವರಿಗೆ ಈಗ ಒಂದೇ ಮಾತು: ಸುತ್ತಿ ಇಡ್ತೀನ್ರಿ, ವಾರ್ನಿಶ್ ಮಾತ್ರ ನಾಳೆ ಬಿಸಲಾಗ.