ಬೀಜದೊಡನೆ ಬರುವ ವಿದ್ಯೆ



ಬಿಳಿಜೋಳದ ರೊಟ್ಟಿ ಅನಾದಿಯಿಂದ ನಮ್ಮದೇ ಎಂದು ನಾವು ತಿಳಿದಿದ್ದೇವೆ. ಆದರೆ ಜೋಳದ ತವರು ಆಫ್ರಿಕಾ ಖಂಡ. ಸುಮಾರು 4000 ವರ್ಷಗಳ ಹಿಂದೆ ಈ ಸೀಮೆಯಲ್ಲಿ ದನ ಸಾಕಿ, ಕಲ್ಲಿನ ಕೊಡಲಿ ಹಿಡಿದಿದ್ದ ಜನರು ಬೆಳೆಯುತ್ತಿದ್ದುದು ಹುರುಳಿ, ಹೆಸರು, ಕೊರಲೆ. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಅಗೆದಾಗ ಆ ಕಾಲದ ಸುಟ್ಟ ಕಾಳುಗಳೇ ದೊರೆತಿವೆ. ನಮ್ಮ ಮಸ್ಕಿಯಲ್ಲಿಯೂ 1954ರಲ್ಲಿ ಬಿ. ಕೆ. ಥಾಪರ್ ಅವರು ಅಗೆಸಿದಾಗ ಒಂದರ ಮೇಲೊಂದು ಹಳೆಯ ವಸತಿಗಳ ಪದರಗಳು ಕಂಡವು. ಜೋಳ ಆಮೇಲೆ ಬಂದದ್ದು. ಮೆಣಸಿನಕಾಯಿ, ಶೇಂಗಾ ಅಮೇರಿಕಾ ಖಂಡದಿಂದ ಬಂದದ್ದಂತೂ ತೀರ ಈಚೆಗೆ.

ಬೀಜ ಬಂದರೆ ಸಾಲದು, ಅದನ್ನು ಈ ನೆಲಕ್ಕೆ ಒಗ್ಗಿಸುವ ವಿದ್ಯೆ ಬೇಕು. ಮುಂಗಾರಿನಲ್ಲಿ ಎರೆಹೊಲವನ್ನು ಬೀಳು ಬಿಟ್ಟು ಹಸಿ ಕೂಡಿಡುವುದು, ಹಿಂಗಾರಿಯಲ್ಲಿ ಹಿಡಿ ಮಣ್ಣು ಅಮುಕಿ ನೋಡಿ ಕೂರಿಗೆ ಹೂಡುವುದು, ನೆಲ ಬಿರಿಯುವ ಮೊದಲೇ ಎಡೆ ಹೊಡೆದು ಬಿರುಕು ಮುಚ್ಚುವುದು, ಇವೆಲ್ಲ ಎಷ್ಟೋ ತಲೆಮಾರು ಮಾಡಿ ನೋಡಿ, ಆಗದ್ದನ್ನು ಬಿಟ್ಟು, ಆದದ್ದನ್ನು ಮಕ್ಕಳಿಗೆ ದಾಟಿಸಿದ ವಿದ್ಯೆ. ಕೂರಿಗೆಯ ಬಟ್ಟಲಿಗೆ ಒಂದೇ ಸಮನೆ ಕಾಳು ಬಿಡುವ ನಮ್ಮ ಅವ್ವಂದಿರ ಕೈಯಳತೆ ಡಿಪ್ಲೊಮಾ ಓದಿದವರಿಗೂ ಬಾರದು, ನನಗಂತೂ ಬಂದಿಲ್ಲ.

ಹೊಸತನ್ನು ಕಲಿಯುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆ ಸಿಂಧನೂರಿನ ಕಡೆ ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪುಗಳಲ್ಲಿ ನೆಲಸಿದರು. ಅವರ ಗದ್ದೆ ನೋಡಿಯೇ ನಮ್ಮವರು ಸಸಿಮಡಿ, ನಾಟಿ ಕಲಿತರು. ಒಂದೇ ತಲೆಮಾರಿನಲ್ಲಿ ಜೋಳದ ಒಕ್ಕಲಿಗನು ಭತ್ತದ ಒಕ್ಕಲಿಗನಾದನು. ಇದು ಸಣ್ಣ ಮಾತಲ್ಲ. ಆದರೆ ಕಾಲುವೆಯ ಕೊನೆಯ ಹೊಲಗಳಿಗೆ ಎಷ್ಟೋ ಸಲ ನೀರು ಮುಟ್ಟುವುದಿಲ್ಲ; ನೀರು ನಿಂತ ಎರೆನೆಲ ಚೌಳಾಗುತ್ತದೆ. ಆಗ ಜೋಳಕ್ಕೆ ಮರಳೋಣವೆಂದರೆ ಹದ ಬಲ್ಲವರು ಮನೆಯಲ್ಲಿ ಇರಬೇಕಲ್ಲವೇ?

ಮಸ್ಕಿಯ ಅಶೋಕನ ಶಾಸನವನ್ನೇ ನೋಡಿರಿ. ಕಲ್ಲು 2200 ವರ್ಷ ಅಲ್ಲಿಯೇ ಇತ್ತು. ಆ ಲಿಪಿಯನ್ನು ಓದುವ ವಿದ್ಯೆ ನಡುವೆ ಕಡಿದುಹೋಯಿತು. 1837ರಲ್ಲಿ ಪ್ರಿನ್ಸೆಪ್ ಎಂಬವನು ಬ್ರಾಹ್ಮೀ ಅಕ್ಷರಗಳನ್ನು ಬಿಡಿಸಿದ ಮೇಲೆ, 1915ರಲ್ಲಿ ಈ ಶಾಸನ ಸಿಕ್ಕಿದಾಗ, ಅಶೋಕನ ಹೆಸರನ್ನು ಓದಲಾಯಿತು. ಕೂರಿಗೆಯ ವಿದ್ಯೆಗೆ ಕಲ್ಲಿನ ಬರಹವೂ ಇಲ್ಲ.

ಆದುದರಿಂದ ಈ ಹಿಂಗಾರಿಯಲ್ಲಿ ಕಾಲುವೆಯ ಕೊನೆಯ ಹೊಲದವರು ಒಂದು ಪಟ್ಟಿಯಲ್ಲಾದರೂ ಬಿಳಿಜೋಳ ಬಿತ್ತಿರಿ. ಹುಡುಗರು ಎತ್ತು ಹೊಡೆಯಲಿ. ಕಾಳು ಬಿಡುವುದನ್ನು ಅಜ್ಜಿ ಸೊಸೆಗೆ ತೋರಿಸಲಿ. ಕೊಯ್ಲಿಗೆ ಮೊದಲೇ ಗಟ್ಟಿ ತೆನೆಗಳನ್ನು ಆರಿಸಿ, ಒಣಗಿಸಿ, ಮುಂದಿನ ಬೀಜಕ್ಕೆಂದು ಬೇರೆ ಇಡಿರಿ.