ವೇರೂಳಿಗೆ (ಎಲ್ಲೋರಾಕ್ಕೆ) ಹೊರಡುವ ಮುನ್ನ

ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಕೈಲಾಸ ದೇಗುಲವನ್ನು ಕಣ್ಣಾರೆ ನೋಡುವ ಆಸೆ ಯಾವ ಕನ್ನಡಿಗರಿಗಿಲ್ಲ? ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್‌ನಂಥ ಕರುಳಿನ ಕಾಯಿಲೆ ಇದ್ದವರೂ ಹೋಗಿಬನ್ನಿ, ಹೆದರಬೇಡಿ. ಇಲ್ಲಿನ 34 ಗುಹೆಗಳು ಸುಮಾರು 2 ಕಿಲೋಮೀಟರ್ ಉದ್ದಕ್ಕೆ ಹರಡಿವೆ. ಶೌಚಾಲಯ ಎಲ್ಲೆಲ್ಲಿದೆ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ. ಮಂಗಳವಾರ ರಜೆ, ನೆನಪಿರಲಿ.

ಪ್ರವಾಸದಲ್ಲಿ ತಿಂದದ್ದು, ಹೊಟ್ಟೆಗಾದದ್ದು ಎಲ್ಲವನ್ನೂ ಮೊಬೈಲಿನ ಆಹಾರ ಡೈರಿ ಆ್ಯಪ್‌ನಲ್ಲಿ ಆಗಿಂದಾಗಲೇ ಬರೆದಿಡಿ: ‘ಮಧ್ಯಾಹ್ನ 1ಕ್ಕೆ ಜೋಳದ ಭಾಕರಿ, ಮೆಣಸಿನಕಾಯಿ ಠೇಚಾ, 4ಕ್ಕೆ ಹೊಟ್ಟೆ ನುಲಿತ, ಎರಡು ಸಲ ಭೇದಿ.’ ಎರಡು ವಾರದ ಇಂಥ ಸಾಲುಗಳಿದ್ದರೆ ವೈದ್ಯರಿಗೆ ನಿಮ್ಮ ಹೊಟ್ಟೆಯ ಸ್ವಭಾವ ಬೇಗ ತಿಳಿಯುತ್ತದೆ. ಮೊನಾಶ್ ವಿಶ್ವವಿದ್ಯಾಲಯದ ಹೆಸರಾಂತ ಆ್ಯಪ್ ಮುಖ್ಯವಾಗಿ ಐಬಿಎಸ್ ಎಂಬ ಬೇರೆಯೇ ಕರುಳಿನ ತೊಂದರೆ ಇದ್ದವರಿಗಾಗಿ ಮಾಡಿದ್ದು. ಅದರ ಪಟ್ಟಿ ನೋಡಿ ನೀವಾಗಿಯೇ ಊಟ ಬಿಡಬೇಡಿ. ಯಾವ ಆ್ಯಪ್ ಏನೇ ಹೇಳಲಿ, ಮಾತ್ರೆ ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಕಂಡರೆ ಬರೆಯುತ್ತ ಕೂರದೆ ಮೊದಲು ವೈದ್ಯರಿಗೆ ಫೋನ್ ಮಾಡಿ.